ಪ್ರಮಾದವೂ ಪರಿಹಾರವೂ

ಮಾಡಬಾರದುದನ್ನು ಮಾಡುವುದು ಹಿಂಸೆ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಮಾಡಬೇಕಾದುದನ್ನು ಮಾಡದೆ ಕೈಕಟ್ಟಿ ಕುಳಿತಿರುವುದೂ ಹಿಂಸೆಯಾಗಬಲ್ಲುದೇ ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಾಗಿ ಬರುವುದಿಲ್ಲ. ಆಸ್ಪತ್ರೆಯ ಅಲಕ್ಷ್ಯದಿಂದ ಕೈಯನ್ನೋ ಕಾಲನ್ನೋ ಕಳೆದುಕೊಂಡವರು ನ್ಯಾಯಾಲಯದ ಮೆಟ್ಟಿಲು ಹತ್ತಬಹುದೇ, ಹತ್ತಿದರೆ ಕ್ಷಮಾಧರ್ಮಕ್ಕೆ ಚ್ಯುತಿ ಬಾರದೇ ಎಂಬ ಪ್ರಶ್ನೆಯೂ ಇದರೊಡನೆ ಸೇರಿಕೊಂಡಾಗ ವಿಚಾರ ಇನ್ನಷ್ಟು ಜಟಿಲವಾಗುತ್ತದೆ. ಕುಟುಂಬಗಳಿಗೂ, ಔಷಧಾಲಯಗಳನ್ನು ನಡೆಸುವ ಬಸದಿಯ ಟ್ರಸ್ಟುಗಳಿಗೂ ಇದು ಸಮಾನವಾಗಿ ಅನ್ವಯಿಸುವ ಪ್ರಶ್ನೆ.

ಒಂದು ಸಂಗತಿಯನ್ನು ಊಹಿಸಿಕೊಳ್ಳಬಹುದು. ಕುಷ್ಟಗಿಯ ಕಡೆಯ ಒಬ್ಬ ರೈತನ ಅಂಗಾಲಿಗೆ ಜಾಲಿಮುಳ್ಳು ನಾಟುತ್ತದೆ. ಆತನಿಗೆ ಸಕ್ಕರೆ ಕಾಯಿಲೆಯಿದ್ದು ನೋವು ಸರಿಯಾಗಿ ತಿಳಿಯುವುದಿಲ್ಲ. ಮೂರನೆಯ ದಿನ ಕಾಲು ಊದಿ, ಕೀವು ತುಂಬಿ, ಚಳಿಜ್ವರ ಬಂದು ಆಸ್ಪತ್ರೆ ಸೇರುತ್ತಾನೆ. ಏದುಸಿರು ಬಿಡುತ್ತಿದ್ದಾನೆ, ಮೂತ್ರ ಕಡಿಮೆಯಾಗಿದೆ, ಮಾತು ತಡವರಿಸುತ್ತಿದೆ ಎಂದು ಹೆಂಡತಿ ಎರಡು ಬಾರಿ ಹೇಳಿದರೂ ಜ್ವರದ ಮಾತ್ರೆಯಷ್ಟನ್ನೇ ಕೊಟ್ಟು ಎರಡು ರಾತ್ರಿ ಮಲಗಿಸುತ್ತಾರೆ. ಆಮೇಲೆ ದೊಡ್ಡ ಆಸ್ಪತ್ರೆಗೆ ಸಾಗಿಸಿದಾಗ ಪ್ರಾಣ ಉಳಿಯಬೇಕಾದರೆ ಮೊಣಕಾಲಿನ ಮೇಲಕ್ಕೆ ಕಾಲು ತೆಗೆಯಬೇಕು ಎನ್ನುತ್ತಾರೆ. ಮನೆಗೆ ಬಂದ ಹಿರಿಯರು 'ಎಲ್ಲವೂ ಪೂರ್ವಕರ್ಮ, ಬಿಟ್ಟುಬಿಡಿ' ಎಂದರೆ, ಕಿರಿಯರು 'ಬಿಡಬಾರದು, ಕೇಸು ಹಾಕಿ' ಎನ್ನುತ್ತಾರೆ. ಇಬ್ಬರ ಮಾತಿನಲ್ಲಿ ಯಾರದು ಧರ್ಮಕ್ಕೆ ಸಮೀಪವಾದುದು?

ರೋಗದ ಸ್ವರೂಪ

ಮೊದಲು ರೋಗವನ್ನು ಅರಿಯಬೇಕು. ಸೆಪ್ಸಿಸ್ ಎಂದರೆ ಕೇವಲ ರಕ್ತಕ್ಕೆ ನಂಜೇರುವುದು ಎಂದು ಹಿಂದೆ ತಿಳಿಯಲಾಗಿತ್ತು. ಸೋಂಕನ್ನು ಎದುರಿಸಲು ದೇಹ ತೋರುವ ಪ್ರತಿಕ್ರಿಯೆಯೇ ಹದ ತಪ್ಪಿ ತನ್ನ ಅಂಗಗಳನ್ನೇ ಕೆಡಿಸುವ ಪ್ರಾಣಾಂತಿಕ ಸ್ಥಿತಿ ಅದು ಎಂದು ತಜ್ಞರು 2016ರಲ್ಲಿ ವ್ಯಾಖ್ಯೆಯನ್ನು ತಿದ್ದಿದರು. 2017ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 4 ಕೋಟಿ 89 ಲಕ್ಷ ಜನರಿಗೆ ಇದು ತಗುಲಿ, ಅವರಲ್ಲಿ ಸುಮಾರು 1 ಕೋಟಿ 10 ಲಕ್ಷ ಜನ ಮಡಿದರೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ ಇದರ ತಡೆಗೂ ಶೀಘ್ರ ಪತ್ತೆಗೂ ಆದ್ಯತೆ ಕೊಡಬೇಕೆಂದು 2017ರಲ್ಲೇ ನಿರ್ಣಯ ಮಾಡಿತು.

ಸೆಪ್ಸಿಸ್ಸಿನಲ್ಲಿ ಅಂಗ ಹೋಗುವುದು ಎರಡು ಬಗೆಯಿಂದ. ಗಾಯವಾದ ಕಾಲೋ ಕೈಯೋ ಕೊಳೆತು, ಆ ಕೊಳೆತವು ಮೇಲೇರುವುದನ್ನು ತಡೆಯಲು ಕತ್ತರಿಸಬೇಕಾಗುವುದು ಒಂದು. ಸೋಂಕು ಬೇರೆಲ್ಲೋ ಇದ್ದು, ರಕ್ತದೊತ್ತಡ ಕುಸಿದು, ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ ಬೆರಳುಗಳು ಕಪ್ಪಿಟ್ಟು ಸಾಯುವುದು ಇನ್ನೊಂದು. ಎರಡರಲ್ಲಿಯೂ ಕಾಲವೇ ಔಷಧದ ಅರ್ಧಭಾಗ. ರಕ್ತದೊತ್ತಡ ಕುಸಿದ ರೋಗಿಗೆ, ರೋಗವನ್ನು ಗುರುತಿಸಿದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಬೀಳಬೇಕೆಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ. ಹೀಗಾಗಿ ಎರಡು ರಾತ್ರಿ ಮಲಗಿಸುವುದು ಈ ರೋಗದಲ್ಲಿ ಸಣ್ಣ ವಿಳಂಬವಲ್ಲ.

ಪ್ರಮಾದವೇ ಹಿಂಸೆಯ ಮೂಲ

ತತ್ತ್ವಾರ್ಥಸೂತ್ರವು ಹಿಂಸೆಯನ್ನು ವಿವರಿಸುವಾಗ ಪ್ರಾಣಕ್ಕೆ ಆಗುವ ಘಾತವನ್ನಷ್ಟೇ ಹೇಳಿ ನಿಲ್ಲುವುದಿಲ್ಲ, ಆ ಘಾತ ಪ್ರಮಾದದಿಂದ ಹುಟ್ಟಿರಬೇಕು ಎಂದು ಮೊದಲೇ ಸೇರಿಸುತ್ತದೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನು ಇನ್ನೂ ಬಿಡಿಸಿದ್ದಾರೆ. ಎಚ್ಚರದಿಂದ ನಡೆದವನಿಂದ ಜೀವಕ್ಕೆ ಹಾನಿಯಾದರೂ ಆತ ಹಿಂಸಕನಲ್ಲ. ಎಚ್ಚರಗೆಟ್ಟು ನಡೆದವನಿಂದ ಯಾವ ಜೀವ ಸಾಯದಿದ್ದರೂ ಹಿಂಸೆ ಆತನ ಮುಂದೆಯೇ ಓಡುತ್ತಿರುತ್ತದೆ. ಅಹಿಂಸಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಬಂಧ, ವಧ ಮೊದಲಾದವುಗಳ ಜೊತೆಯಲ್ಲಿ 'ಛೇದ'ವನ್ನು, ಅಂದರೆ ಅಂಗವನ್ನು ಕತ್ತರಿಸುವುದನ್ನು, ಪ್ರತ್ಯೇಕವಾಗಿಯೇ ಹೆಸರಿಸಿರುವುದು ಗಮನಾರ್ಹ. ಪ್ರಾಣ ಉಳಿಯಿತಲ್ಲ ಎಂಬ ಸಮಾಧಾನ ಅಂಗ ಹೋದುದಕ್ಕೆ ಉತ್ತರವಾಗದು.

ಹಾಗೆಂದು ಶಸ್ತ್ರ ಹಿಡಿದ ವೈದ್ಯನೆಲ್ಲ ದೋಷಿಯಲ್ಲ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಟ್ಟ ದೃಷ್ಟಾಂತ ಇಲ್ಲಿ ಬಹಳ ಉಪಯುಕ್ತ. ಕರುಣೆಯಿಂದ ತುಂಬಿದ ವೈದ್ಯನೊಬ್ಬ ಮುನಿಯ ಮೈಮೇಲಿನ ಕುರುವನ್ನು ಕೊಯ್ಯುತ್ತಾನೆ. ಮುನಿಗೆ ನೋವಾಗುವುದು ನಿಜ. ಆದರೂ ಹೊರಗಿನ ಆ ನೋವಿನ ಮಾತ್ರದಿಂದ ವೈದ್ಯನಿಗೆ ಪಾಪಬಂಧವಿಲ್ಲ. ಈ ದೃಷ್ಟಾಂತವನ್ನು ತಿರುಗಿಸಿ ನೋಡಿದರೆ ಇಂದಿನ ಪ್ರಶ್ನೆಗೆ ಬೆಳಕು ಬೀಳುತ್ತದೆ. ಕುರು ಕಣ್ಣೆದುರಿಗಿದೆ, ಕೊಯ್ಯುವ ವಿದ್ಯೆಯಿದೆ, ಉಪಕರಣವೂ ಇದೆ. ಆದರೂ ಉದಾಸೀನದಿಂದ ಕೊಯ್ಯದೆ ಬಿಟ್ಟ ವೈದ್ಯನ ಕೈಗೆ ರಕ್ತ ಅಂಟಿಲ್ಲ. ಆತ ನೋವನ್ನೂ ಕೊಡಲಿಲ್ಲ. ಹಾಗಿದ್ದರೂ ಪ್ರಮಾದ ಆತನದೇ.

ಲೌಕಿಕ ಕಾನೂನೂ ಬಹುಮಟ್ಟಿಗೆ ಈ ದಾರಿಯಲ್ಲಿಯೇ ಬಂದಿದೆ. ಕಾಲು ಮುರಿದ ಯುವಕನೊಬ್ಬ ಪುಣೆಯ ಆಸ್ಪತ್ರೆಯಲ್ಲಿ 1953ರಲ್ಲಿ ತೀರಿಕೊಂಡ ಪ್ರಕರಣವನ್ನು 1968ರಲ್ಲಿ ನಿರ್ಣಯಿಸುತ್ತ, ಸುಪ್ರೀಂ ಕೋರ್ಟು ವೈದ್ಯನ ಮೂರು ಕರ್ತವ್ಯಗಳನ್ನು ಹೇಳಿತು. ರೋಗಿಯನ್ನು ಕೈಗೆತ್ತಿಕೊಳ್ಳಬೇಕೇ ಎಂದು ನಿರ್ಧರಿಸುವಾಗ, ಯಾವ ಚಿಕಿತ್ಸೆ ಕೊಡಬೇಕೆಂದು ನಿರ್ಧರಿಸುವಾಗ, ಆ ಚಿಕಿತ್ಸೆಯನ್ನು ನಡೆಸುವಾಗ, ಈ ಮೂರರಲ್ಲಿಯೂ ಯೋಗ್ಯ ಎಚ್ಚರ ಇರಬೇಕು. 1957ರ ಇಂಗ್ಲೆಂಡಿನ ಬೋಲಮ್ ತೀರ್ಪಿನ ಅಳತೆಗೋಲನ್ನು 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಪ್ಪಿಕೊಂಡಿತು. ಅದರಂತೆ ಅತ್ಯುಚ್ಚ ಪಾಂಡಿತ್ಯವನ್ನು ಯಾರೂ ಕೇಳುವುದಿಲ್ಲ. ಆ ವೃತ್ತಿಯ ಸಾಧಾರಣ ನಿಪುಣನೊಬ್ಬ ತೋರುವ ಎಚ್ಚರವನ್ನು ಮಾತ್ರ ಕೇಳುತ್ತಾರೆ. ಚಿಕಿತ್ಸೆ ಫಲಿಸದಿರುವುದು, ನಿರ್ಣಯದಲ್ಲಿ ಸಹಜವಾದ ತಪ್ಪಾಗುವುದು ಅಲಕ್ಷ್ಯವಲ್ಲ. ಶಿಕ್ಷೆ ವಿಧಿಸುವ ಕ್ರಿಮಿನಲ್ ಮೊಕದ್ದಮೆಗಾದರೆ ಅಲಕ್ಷ್ಯವು ಅತಿ ಘೋರವಾಗಿರಬೇಕು. ಪರಿಹಾರದ ದಾವೆಗೆ ಅಷ್ಟು ಬೇಕಿಲ್ಲ. ತಾನು ಕಲಿಯದ ಪದ್ಧತಿಯಲ್ಲಿ ಮದ್ದು ಕೊಡುವುದೇ ಸ್ವತಃ ಅಲಕ್ಷ್ಯವೆಂದು 1996ರಲ್ಲಿ, ಹೋಮಿಯೋಪತಿ ವೈದ್ಯನೊಬ್ಬ ಅಲೋಪತಿ ಔಷಧ ಕೊಟ್ಟ ಪ್ರಕರಣದಲ್ಲಿ, ತೀರ್ಮಾನವಾಗಿದೆ. ಹಳ್ಳಿಗಳಲ್ಲಿ ಕಂಡವರ ಕೈಯಲ್ಲಿ ಇಂಜೆಕ್ಷನ್ ಮಾಡಿಸಿಕೊಳ್ಳುವವರು ಇದನ್ನು ನೆನಪಿಡಬೇಕು.

ಕರ್ಮವಾದದ ಆಕ್ಷೇಪ

ಇನ್ನು ಹಿರಿಯರ ಮಾತಿಗೆ ಬರಬಹುದು. ಅಸಾತಾವೇದನೀಯ ಕರ್ಮದ ಉದಯವಿಲ್ಲದೆ ದುಃಖ ಬಾರದು ಎಂಬುದು ಸಿದ್ಧಾಂತವೇ ಸರಿ. ಹಾಗಾದರೆ ವೈದ್ಯ ನಿಮಿತ್ತಮಾತ್ರನಲ್ಲವೇ, ನಿಮಿತ್ತನ ಮೇಲೆ ದಾವೆ ಹೂಡುವುದು ಸಲ್ಲುವುದೇ ಎಂದು ಅವರು ಕೇಳುತ್ತಾರೆ.

ಈ ವಾದದ ಬಲವನ್ನು ಅಂಗಡಿಯ ತಕ್ಕಡಿಯಲ್ಲಿಟ್ಟು ತೂಗಬಹುದು. ಗಂಗಾವತಿಯ ಪೇಟೆಯಲ್ಲಿ ಒಬ್ಬ ವ್ಯಾಪಾರಿ ಅಕ್ಕಿಯ ಚೀಲದಲ್ಲಿ ಎರಡು ಕಿಲೋ ಕಡಿಮೆ ತೂಗಿ ಕೊಡುತ್ತಾನೆ. ಗಿರಾಕಿ ಬಂದು ಕೇಳಿದಾಗ, 'ಅದು ನಿಮ್ಮ ಲಾಭಾಂತರಾಯ ಕರ್ಮದ ಉದಯ, ನಾನು ನಿಮಿತ್ತಮಾತ್ರ' ಎಂದು ಉತ್ತರಿಸಿದರೆ ಪೇಟೆಯವರು ಒಪ್ಪುವರೇ? ಅವನ ಗುರುಗಳೂ ಒಪ್ಪಲಾರರು. ಅಳತೆ ತೂಕದಲ್ಲಿ ಹೆಚ್ಚುಕಡಿಮೆ ಮಾಡುವುದನ್ನು ಅಚೌರ್ಯಾಣುವ್ರತದ ಅತಿಚಾರವೆಂದು ಶಾಸ್ತ್ರ ಸ್ಪಷ್ಟವಾಗಿ ಹೇಳಿದೆ. ಗಿರಾಕಿಯ ಕರ್ಮ ಗಿರಾಕಿಯದು, ವ್ಯಾಪಾರಿಯ ದೋಷ ವ್ಯಾಪಾರಿಯದು. ಒಂದರಿಂದ ಇನ್ನೊಂದು ತೊಡೆದುಹೋಗುವುದಿಲ್ಲ. ತಕ್ಕಡಿಗೆ ಸಲ್ಲದ ವಾದ ಆಸ್ಪತ್ರೆಯ ಹಾಸಿಗೆಗೆ ಮಾತ್ರ ಹೇಗೆ ಸಂದೀತು?

ನಿಶ್ಚಯನಯವೂ ವ್ಯವಹಾರನಯವೂ ತಮ್ಮ ತಮ್ಮ ಸ್ಥಾನದಲ್ಲಿ ಸತ್ಯ. ಕಾಲು ಕಳೆದುಕೊಂಡವನು ಮಂಚದ ಮೇಲೆ ಮಲಗಿ, 'ಇದು ನನ್ನ ಕರ್ಮದ ಉದಯ' ಎಂದು ಚಿಂತಿಸಿ ಸಮತೆಯನ್ನು ತಂದುಕೊಂಡರೆ ಅದು ಪ್ರಶಂಸನೀಯ. ಅದೇ ಮಾತನ್ನು ಆಸ್ಪತ್ರೆಯವರು ಆತನಿಗೆ ಹೇಳಿದರೆ ಅದು ಧರ್ಮೋಪದೇಶವಲ್ಲ, ನುಣುಚಿಕೊಳ್ಳುವ ದಾರಿ. ಸಿದ್ಧಾಂತವು ತನ್ನನ್ನು ತಿದ್ದಿಕೊಳ್ಳಲು ಕೊಟ್ಟ ಸಾಧನ. ಪರರ ಬಾಯಿ ಮುಚ್ಚಿಸಲು ಕೊಟ್ಟದ್ದಲ್ಲ.

ಕ್ಷಮೆಯೂ ಹಕ್ಕೂ

ಎರಡನೆಯ ಆಕ್ಷೇಪ ಕ್ಷಮೆಯದು. ದಶಲಕ್ಷಣ ಧರ್ಮಗಳಲ್ಲಿ ಮೊದಲನೆಯದೇ ಉತ್ತಮ ಕ್ಷಮೆ. ಕ್ಷಮಾವಣಿಯಂದು ಎಲ್ಲ ಜೀವಿಗಳನ್ನೂ ಕ್ಷಮಿಸಿ ಮರುದಿನ ನೋಟೀಸು ಕಳಿಸುವುದು ಹೇಗೆ ಎಂಬ ಸಂಕೋಚ ಅನೇಕರಿಗೆ ಇರುತ್ತದೆ, ಇರಬೇಕಾದುದೂ ಹೌದು. ಆದರೆ ಕ್ಷಮೆಯ ಪ್ರತಿಪಕ್ಷ ಕ್ರೋಧವೇ ಹೊರತು ಲೆಕ್ಕವಲ್ಲ. ಸಾಲ ಕೊಟ್ಟವನು ಸಿಟ್ಟಿಲ್ಲದೆ ಸಾಲ ಕೇಳಬಹುದು. ದ್ವೇಷವಿಲ್ಲದೆಯೂ ಪರಿಹಾರ ಕೇಳಬಹುದು. ವೈದ್ಯನನ್ನು ಜೈಲಿಗೆ ಕಳಿಸಬೇಕು, ಆತನ ಆಸ್ಪತ್ರೆ ಮುಚ್ಚಬೇಕು, ಕಿಟಕಿಯ ಗಾಜು ಒಡೆಯಬೇಕು ಎಂಬ ಹಂಬಲ ಕ್ರೋಧದಿಂದ ಹುಟ್ಟಿದ್ದು. ಹೋದ ದುಡಿಮೆಗೆ, ಮುಂದಿನ ಶುಶ್ರೂಷೆಗೆ ಆಧಾರ ಬೇಕು ಎಂಬ ಬೇಡಿಕೆ ಹಾಗಲ್ಲ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಅಂಶವಿದೆ. ಒಬ್ಬನು ಕ್ಷಮಿಸಬಲ್ಲುದು ತನಗೆ ಸಲ್ಲಬೇಕಾದುದನ್ನು ಮಾತ್ರ. ಕೂಲಿಕಾರನ ಕಾಲು ಹೋದರೆ ಆತನ ಮಕ್ಕಳ ಅನ್ನ, ಶಾಲೆಯ ಫೀಜು, ಮುದಿತಾಯಿಯ ಔಷಧ ಎಲ್ಲವೂ ಅದರೊಡನೆ ಹೋದಂತೆ. ಅವರ ಪಾಲನ್ನು ಆತ ತನ್ನ ಕ್ಷಮೆಯ ಹೆಸರಿನಲ್ಲಿ ಬಿಟ್ಟುಕೊಡಲಾರ. ಹೊಟ್ಟೆಗಿದ್ದ ಬಂಧುಗಳು ಪಕ್ಕದಲ್ಲಿ ಕುಳಿತು ಆತನಿಗೆ ಕ್ಷಮೆಯನ್ನು ಉಪದೇಶಿಸುವುದಂತೂ ಪರರ ಗಂಟಿನಿಂದ ದಾನ ಮಾಡಿದಂತೆ.

ಆದರೆ ದಾವೆ ಹೂಡುವವನಿಗೂ ವ್ರತದ ಕಟ್ಟುಂಟು. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ಅಂದರೆ ಸುಳ್ಳು ಬರಹವನ್ನು ಸೃಷ್ಟಿಸುವುದು, ಒಂದು. ರೋಗಿಯ ಚಾರ್ಟಿನಲ್ಲಿ ಜ್ವರದ ಅಂಕಿಯನ್ನು ಆಮೇಲೆ ತಿದ್ದುವ ಆಸ್ಪತ್ರೆ ಈ ದೋಷಕ್ಕೆ ಗುರಿಯಾಗುತ್ತದೆ. ತಾನೇ ನಾಲ್ಕು ದಿನ ತಡಮಾಡಿ ಬಂದುದನ್ನು ಮುಚ್ಚಿಟ್ಟು, ಇಲ್ಲದ ವರಮಾನಕ್ಕೆ ರಸೀದಿ ಹುಟ್ಟಿಸಿ, ಕೇಳಿಕೆಯನ್ನು ಉಬ್ಬಿಸುವ ಅರ್ಜಿದಾರನೂ ಅದೇ ದೋಷಕ್ಕೆ ಗುರಿಯಾಗುತ್ತಾನೆ.

ತೂಕದ ಕಷ್ಟ

ಇಂಥ ದಾವೆಗಳಲ್ಲಿ ಅಲಕ್ಷ್ಯವನ್ನು ತೋರಿಸುವುದಕ್ಕಿಂತ, ಆ ಅಲಕ್ಷ್ಯದಿಂದಲೇ ಅಂಗ ಹೋಯಿತೆಂದು ತೋರಿಸುವುದು ಕಷ್ಟ. ಸಕಾಲಕ್ಕೆ ಔಷಧ ಬಿದ್ದಿದ್ದರೂ ಕಾಲು ಉಳಿಯುತ್ತಿರಲಿಲ್ಲ ಎಂದು ಎದುರು ಪಕ್ಷ ಹೇಳುತ್ತದೆ. ಇಂಗ್ಲೆಂಡಿನಲ್ಲಿ ಒಬ್ಬ ಹುಡುಗ ಮರದಿಂದ ಬಿದ್ದು ಸೊಂಟದ ಕೀಲಿಗೆ ಪೆಟ್ಟಾಗಿ, ಆಸ್ಪತ್ರೆ ಅದನ್ನು ಐದು ದಿನ ಗುರುತಿಸದೆ ಹೋಯಿತು. ಸಕಾಲದಲ್ಲಿ ಗುರುತಿಸಿದ್ದರೆ ಕೀಲು ಸರಿಯಾಗುವ ಸಂಭವ ನೂರಕ್ಕೆ 25 ಎಂದು ಕಂಡುಬಂತು. ಕೆಳಗಿನ ನ್ಯಾಯಾಲಯಗಳು ಪೂರ್ಣ ಪರಿಹಾರದ ಕಾಲು ಭಾಗವನ್ನು ಕೊಟ್ಟವು. 1987ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನೂ ತೆಗೆದುಹಾಕಿತು. ಸಂಭವವು ಅರ್ಧಕ್ಕಿಂತ ಹೆಚ್ಚಿದ್ದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ ಎಂಬುದು ಆ ನ್ಯಾಯ.

ವ್ಯವಹಾರಕ್ಕೆ ಇಂಥ ಗೆರೆ ಬೇಕಾಗಬಹುದು, ನ್ಯಾಯಾಲಯಗಳು ಎಲ್ಲಾದರೂ ಗೆರೆ ಎಳೆಯಲೇಬೇಕು. ಆದರೆ ಆತ್ಮಸಾಕ್ಷಿಯ ಖಾತೆಯಲ್ಲಿ ಗೆರೆಯಿಂದ ಕೆಳಗಿನ ಬಾಕಿ ವಜಾ ಆಗುವುದಿಲ್ಲ. ಫಲವು ಸಂದಿಗ್ಧವಾಗಿದ್ದರೂ ಪ್ರಮಾದವು ಅಸಂದಿಗ್ಧವಾಗಿರಬಹುದು. ಆ ಐದು ದಿನಗಳಿಗೆ ಆಲೋಚನೆ, ಪ್ರತಿಕ್ರಮಣ, ಪ್ರಾಯಶ್ಚಿತ್ತಗಳು ಸಲ್ಲಲೇಬೇಕು. ದಾವೆ ಗೆದ್ದ ವೈದ್ಯನು ನಿರ್ದೋಷಿಯೆಂದು ಹೇಳಲಾಗದು. ದಾವೆ ಸೋತವನು ಪಾಪಿಯೆಂದೂ ಹೇಳಲಾಗದು.

ಪರಿಹಾರದ ಮೊತ್ತದಲ್ಲಿಯೂ ಚಿಂತನೆಗೆ ಎಡೆಯಿದೆ. ಶಿಮ್ಲಾದ ಸರ್ಕಾರಿ ಆಸ್ಪತ್ರೆಯಲ್ಲಿ 2006ರಲ್ಲಿ ಒಂದು ಸಣ್ಣ ಶಸ್ತ್ರಕ್ರಿಯೆಗೆ ಬಂದ ಬಡ ಗ್ರಾಮೀಣ ಮಹಿಳೆಗೆ ಇಂಜೆಕ್ಷನ್ ಕೊಡುವಾಗಲೇ ಅಸಹನೀಯ ನೋವಾಯಿತು. ಆಕೆಯ ಕೂಗಿಗೆ ಗಮನ ಸಿಗಲಿಲ್ಲ. ಬಲಗೈ ಕೊಳೆತು, ಅದನ್ನು ಮೊಣಕೈಯ ಮೇಲಕ್ಕೆ ಕತ್ತರಿಸಬೇಕಾಯಿತು. ಅಲ್ಲಿ ಮೂಲಕಾರಣ ಸೋಂಕಲ್ಲ, ಆದರೆ ಅಲಕ್ಷ್ಯದ ಬಗೆ ಒಂದೇ. ಕೆಳಗೆ ದೊರೆತ ಮೊತ್ತ ತೀರ ಅಲ್ಪವೆಂದು 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಇನ್ನೂ 10 ಲಕ್ಷ ರೂಪಾಯಿ ಸೇರಿಸಿ ಕೊಡಿಸಿತು. ಇತ್ತ ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ 1990ರ ಶಸ್ತ್ರಕ್ರಿಯೆಯ ನಂತರ ಎರಡೂ ಕಾಲುಗಳ ಸ್ವಾಧೀನ ತಪ್ಪಿದ ಇಂಜಿನಿಯರಿಂಗ್ ವಿದ್ಯಾರ್ಥಿಗೆ 2009ರಲ್ಲಿ ದೊರೆತ ಪರಿಹಾರ 1 ಕೋಟಿ ರೂಪಾಯಿ. ಗಾಯಗಳು ಬೇರೆ, ಆಯುಷ್ಯದ ಶುಶ್ರೂಷೆಯ ಖರ್ಚೂ ಬೇರೆ ಎಂಬುದನ್ನು ಒಪ್ಪಬೇಕು. ದುಡಿಮೆಯ ನಷ್ಟವನ್ನು ವರಮಾನದಿಂದ ಅಳೆಯುವುದೂ ತಪ್ಪಲ್ಲ. ಎಡಗೈ ಹೋದರೆ ಗುಮಾಸ್ತನು ಕೆಲಸ ಮುಂದುವರಿಸಬಹುದು, ಬಡಗಿಯ ಅಥವಾ ಚಾಲಕನ ಜೀವನೋಪಾಯವೇ ನಿಲ್ಲುತ್ತದೆ ಎಂಬ ವಿವೇಕವನ್ನು 2010ರ ಒಂದು ಮೋಟಾರು ಅಪಘಾತದ ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ತೋರಿಸಿದೆ. ಆದರೆ ನೋವು, ಅಪಮಾನ, ಇನ್ನೊಬ್ಬರ ಕೈನೋಡುವ ದೈನ್ಯ, ಇವುಗಳಿಗೆ ವರಮಾನದ ಭೇದವಿಲ್ಲ. ಯಲಬುರ್ಗಾದ ಕೂಲಿ ಹೆಂಗಸಿನ ನೋವೂ ನಗರದ ಅಧಿಕಾರಿಯ ನೋವೂ ಜೀವದ ದೃಷ್ಟಿಯಿಂದ ಒಂದೇ ಬೆಲೆಯವು. ಆ ಬಾಬತ್ತಿನಲ್ಲಾದರೂ ತಕ್ಕಡಿ ಸಮನಾಗಿ ನಿಲ್ಲಬೇಕು.

ಟ್ರಸ್ಟುಗಳ ಹೊಣೆ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಔಷಧದಾನಕ್ಕೆ ಸಮಾಜ ಧಾರಾಳವಾಗಿ ಕೊಡುತ್ತ ಬಂದಿದೆ. ಪುಕ್ಕಟೆ ಕೊಟ್ಟ ಸೇವೆಯಲ್ಲಿ ತಪ್ಪು ಹುಡುಕುವುದು ಕೃತಘ್ನತೆ ಎಂಬ ಭಾವನೆಯೂ ಅದರೊಡನೆ ಬೆಳೆದಿದೆ. ಕಾನೂನಿನ ನಿಲುವು ಹೀಗಿದೆ. 1995ರ ನವೆಂಬರಿನಲ್ಲಿ ಇಂಡಿಯನ್ ಮೆಡಿಕಲ್ ಅಸೋಸಿಯೇಷನ್ನಿನ ಪ್ರಕರಣದಲ್ಲಿ, ಎಲ್ಲ ರೋಗಿಗಳಿಗೂ ಸಂಪೂರ್ಣ ಉಚಿತವಾಗಿ ನಡೆಯುವ ಆಸ್ಪತ್ರೆ ಗ್ರಾಹಕ ಕಾಯಿದೆಗೆ ಒಳಪಡದು ಎಂದು ಸುಪ್ರೀಂ ಕೋರ್ಟು ಹೇಳಿತು. ಕೇವಲ ಹೆಸರು ನೋಂದಣಿಯ ಅಲ್ಪ ಶುಲ್ಕ ತೆಗೆದುಕೊಂಡರೂ ಈ ಸ್ಥಿತಿ ಬದಲಾಗದು. ಆದರೆ ಕೆಲವರಿಂದ ಹಣ ಪಡೆದು ಉಳಿದವರಿಗೆ ಉಚಿತ ಸೇವೆ ಕೊಡುವಲ್ಲಿ ಉಚಿತ ರೋಗಿಗೂ ದೂರುವ ಹಕ್ಕುಂಟು. ಪೂರ್ಣ ಉಚಿತವಾದ ಸಂಸ್ಥೆಯೂ ಸಿವಿಲ್ ನ್ಯಾಯಾಲಯದ ದಾವೆಯಿಂದ ಮುಕ್ತವಲ್ಲ.

ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯ ಪ್ರಕರಣ ಇದಕ್ಕೆ ನಿದರ್ಶನ. 1963ರಲ್ಲಿ ಬಾಣಂತಿಯೊಬ್ಬಳ ಶಸ್ತ್ರಕ್ರಿಯೆಯಾದಾಗ ಟವೆಲೊಂದು ಹೊಟ್ಟೆಯಲ್ಲಿಯೇ ಉಳಿದು, ಒಳಗೆ ಕೀವಾಗಿ ಆಕೆ ತೀರಿಕೊಂಡಳು. ಸರ್ಕಾರಕ್ಕೆ ಹೊಣೆಯಿಲ್ಲ ಎಂಬ ವಾದವನ್ನು ತಳ್ಳಿ, 36,000 ರೂಪಾಯಿಯ ಡಿಕ್ರಿಯನ್ನು ಸುಪ್ರೀಂ ಕೋರ್ಟು ಎತ್ತಿಹಿಡಿದಾಗ ಇಸವಿ 1996. ಮೂವತ್ತಮೂರು ವರ್ಷ! ಇಂಥ ವಿಳಂಬಕ್ಕೆ ನ್ಯಾಯಾಲಯಗಳನ್ನಷ್ಟೇ ದೂರಬಾರದು. ತಪ್ಪು ನಿಚ್ಚಳವಾಗಿದ್ದರೂ ಕೊನೆಯವರೆಗೆ ಅಲ್ಲಗಳೆಯುವ ಸಂಸ್ಥೆಗಳದೂ ಅದರಲ್ಲಿ ಪಾಲಿದೆ.

ಹೀಗಾಗಿ ಔಷಧಾಲಯವನ್ನೋ ಆಸ್ಪತ್ರೆಯನ್ನೋ ನಡೆಸುವ ಟ್ರಸ್ಟು ಕೆಲವು ನಿಯಮಗಳನ್ನು ಮಾಡಿಕೊಳ್ಳಬೇಕು. ಜ್ವರ ಬಂದ ಪ್ರತಿ ಗಾಯಾಳುವಿನ ನಾಡಿ, ಉಸಿರು, ರಕ್ತದೊತ್ತಡ, ಮೂತ್ರದ ಪ್ರಮಾಣವನ್ನು ವೇಳೆ ಸಹಿತ ಬರೆದಿಡಬೇಕು. ರಾತ್ರಿ ವೇಳೆ ನಿರ್ಧಾರ ಯಾರದೆಂಬುದು ಗೋಡೆಯ ಮೇಲೆ ಬರೆದಿರಬೇಕು. ತಮ್ಮಿಂದಾಗದ ರೋಗಿಯನ್ನು ಮೊದಲ ಔಷಧ ಕೊಟ್ಟು ಕೂಡಲೇ ಸಾಗಿಸಬೇಕು. 1997ರ ಆಗಸ್ಟ್ 24ರಂದು ರಾಯಚೂರಿನಿಂದ ಬೇರ್ಪಟ್ಟು, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳೊಡನೆ ಜಿಲ್ಲೆಯಾದ ಕೊಪ್ಪಳದ ಜನ ಹಿಂದೆ ದೊಡ್ಡ ಚಿಕಿತ್ಸೆಗೆ ಹುಬ್ಬಳ್ಳಿ, ಬಳ್ಳಾರಿಗಳ ದಾರಿ ಹಿಡಿಯಬೇಕಾಗಿತ್ತು. ಈಗ ಕೊಪ್ಪಳದಲ್ಲಿಯೇ ವೈದ್ಯಕೀಯ ಕಾಲೇಜಿದೆ. ಆದರೂ ದೂರದ ಹಳ್ಳಿಗೆ ಒಂದು ಗಂಟೆಯ ಅಳತೆ ಇಂದಿಗೂ ಕಠಿಣವೇ. ವಿಮೆ ಇಳಿಸಿರಬೇಕು. ತಪ್ಪಾದಾಗ ಕುಟುಂಬವನ್ನು ಕರೆದು ಇದ್ದುದನ್ನು ಇದ್ದಂತೆ ಹೇಳಿ, ಯೋಗ್ಯ ಪರಿಹಾರವನ್ನು ಟ್ರಸ್ಟೇ ಮುಂದಾಗಿ ಕೊಡಬೇಕು. ದೇವದ್ರವ್ಯವನ್ನು ವಕೀಲರ ಫೀಜಿಗೆ ಸುರಿಯುವುದಕ್ಕಿಂತ ಇದು ಎಷ್ಟೋ ಮೇಲು.

ಕುಟುಂಬಗಳು ತಿಳಿದಿರಬೇಕಾದುದು

ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕು, ಕೇಳಿದ 72 ಗಂಟೆಯೊಳಗೆ ಪ್ರತಿ ಕೊಡಬೇಕು ಎಂಬುದು ವೈದ್ಯರ ವೃತ್ತಿಧರ್ಮದ 2002ರ ನಿಯಮ. ಆದುದರಿಂದ ಮೊದಲು ಲಿಖಿತ ಅರ್ಜಿ ಕೊಟ್ಟು ದಾಖಲೆ ಪಡೆಯಬೇಕು. ಅನಂತರ ಪಕ್ಷಪಾತವಿಲ್ಲದ ತಜ್ಞರೊಬ್ಬರಿಗೆ ತೋರಿಸಿ, ಅಲಕ್ಷ್ಯ ನಡೆದಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಇಲ್ಲವೆಂದು ಅವರು ಹೇಳಿದರೆ ಅಲ್ಲಿಗೇ ಬಿಡುವುದು ಧರ್ಮ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಎರಡು ವರ್ಷದೊಳಗೆ ದೂರು ಕೊಡಬೇಕು. ಯೋಗ್ಯ ಕಾರಣವಿದ್ದರೆ ವಿಳಂಬವನ್ನು ಮನ್ನಿಸಬಹುದು. ದೂರುದಾರ ತಾನು ವಾಸಿಸುವ ಜಿಲ್ಲೆಯ ಆಯೋಗಕ್ಕೇ ಹೋಗಬಹುದಾದ್ದರಿಂದ, ಹುಬ್ಬಳ್ಳಿಯಲ್ಲಿ ಚಿಕಿತ್ಸೆಯಾದರೂ ಕೊಪ್ಪಳದಲ್ಲಿ ದೂರು ಸಲ್ಲುತ್ತದೆ. ಚಿಕಿತ್ಸೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡಗಳವರಿಗೆ, ಅಂಗವಿಕಲರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರ ನೆರವು ದೊರೆಯುತ್ತದೆ. ಆಸ್ಪತ್ರೆಯ ಸೇವೆ ಖಾಯಂ ಲೋಕ ಅದಾಲತ್ತಿನ ವ್ಯಾಪ್ತಿಗೂ ಬರುವುದರಿಂದ ವೈರ ಬೆಳೆಯದಂತೆ ರಾಜಿಯ ದಾರಿಯೂ ತೆರೆದಿದೆ. ಕ್ಷಮೆಯನ್ನೂ ಹಕ್ಕನ್ನೂ ಒಟ್ಟಿಗೆ ಉಳಿಸಿಕೊಳ್ಳಬಯಸುವವರು ಅದನ್ನು ಮೊದಲು ನೋಡಬಹುದು.

ಕಾಲು ಹೋದ ಮೇಲೆ ಬದುಕು ನಿಲ್ಲುವುದಿಲ್ಲ ಎಂಬುದನ್ನೂ ಹೇಳಬೇಕು. ಜಯಪುರದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಹಾಗೂ ಡಾ. ಪಿ. ಕೆ. ಸೇಠಿ 1968ರಲ್ಲಿ ರೂಪಿಸಿದ ಕೃತಕ ಕಾಲು ಬರಿಗಾಲಿನಲ್ಲಿ ನಡೆಯುವ, ನೆಲದ ಮೇಲೆ ಕೂರುವ, ಕೆಸರುಗದ್ದೆಗೆ ಇಳಿಯುವ ಜನರಿಗೆ ಹೊಂದುವಂಥದು. ಡಿ. ಆರ್. ಮೆಹ್ತಾ ಅವರು 1975ರಲ್ಲಿ ಸ್ಥಾಪಿಸಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಅದನ್ನು ಉಚಿತವಾಗಿ ಕೊಡುತ್ತ ಬಂದಿದೆ. ಇದು ಕರುಣೆಯ ಕೆಲಸ, ನಿಸ್ಸಂದೇಹವಾಗಿ ಪುಣ್ಯದ ಕೆಲಸ. ಆದರೆ ಕರುಣೆಯಿಂದ ಕೊಟ್ಟ ಕಾಲು ಪ್ರಮಾದದಿಂದ ಹೋದ ಕಾಲಿನ ಲೆಕ್ಕವನ್ನು ಚುಕ್ತಾ ಮಾಡುವುದಿಲ್ಲ. ದಾನಿಯು ಕೊಡಬಹುದಾದುದೇ ಬೇರೆ, ಹೊಣೆಗಾರನು ಕೊಡಲೇಬೇಕಾದುದೇ ಬೇರೆ.

ಅನಾದಿಯಿಂದ ಮಹಾತೀರ್ಥವೆಂದು ಹೆಸರಾದ ಕೊಪಣದ ಪಾಲ್ಕಿಗುಂಡಿನ ಮೇಲೆ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಕಲ್ಲಿನಲ್ಲಿ ಕೆತ್ತಿ ಕಾಪಾಡಿದ ನಾಡು ಇದು. ಇಲ್ಲಿ ನಡೆದಾಡುವ ಬಡವನ ಪಾದವನ್ನೂ ಅಷ್ಟೇ ಎಚ್ಚರದಿಂದ ಕಾಪಾಡುವುದು ಅಹಿಂಸೆಯನ್ನು ವ್ರತವಾಗಿ ತೊಟ್ಟವರ ಕರ್ತವ್ಯ. ಕಾಪಾಡಲಾಗದೆ ಹೋದಾಗ ನಿಜವನ್ನು ಹೇಳಿ ಋಣವನ್ನು ತೀರಿಸಬೇಕು. ಆ ಋಣವನ್ನು ಕೇಳಲು ಬಂದವನನ್ನು ವೈರಿಯೆಂದು ಎಣಿಸಬಾರದು.